‘ಮಾಡಬೇಕಿತ್ತು’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ? ‘ಶುಡ್ ಹ್ಯಾವ್’ ಬಳಸಲು ಒಂದು ಮಾರ್ಗದರ್ಶಿ

ನನ್ನ ಬಳಿ ಇಂಗ್ಲಿಷ್ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ತನ್ನ ಅಜ್ಜಿಯ ಬಗ್ಗೆ ಒಂದು ಪುಟ ಬರೆದು ತಂದಿದ್ದಳು. ಅಜ್ಜಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಪುಟದ ಕೊನೆಯ ಸಾಲು ಹೀಗಿತ್ತು: ‘ಐ ಮಸ್ಟ್ ಹ್ಯಾವ್ ಕಾಲ್ಡ್ ಹರ್ ದಟ್ ನೈಟ್.’ ನಾನು ಓದಿ, ‘ಆ ರಾತ್ರಿ ಫೋನ್ ಮಾಡಿದ್ದೆ ಅನ್ನಿಸುತ್ತೆ, ಸರಿಯಾಗಿ ನೆನಪಿಲ್ಲ ಅಂತಾನಾ?’ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಮೇಡಂ, ಮಾಡಲಿಲ್ಲ. ಮಾಡಬೇಕಿತ್ತು’ ಅಂದಳು.

ವ್ಯಾಕರಣದ ದೃಷ್ಟಿಯಿಂದ ಅವಳ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಮಾತ್ರ ಅದರಲ್ಲಿ ಇರಲಿಲ್ಲ. ‘ಬೇಕು’ ಅಂದರೆ ‘ಮಸ್ಟ್’ ಎಂದು ನಾವೆಲ್ಲ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿರುತ್ತೇವೆ. ಹಾಗಾಗಿ ‘ಬೇಕಿತ್ತು’ ಬಂದ ಕಡೆಯಲ್ಲೆಲ್ಲ ‘ಮಸ್ಟ್ ಹ್ಯಾವ್’ ಎಂದು ಬರೆಯುವುದು ಸಹಜ. ಆದರೆ ಇಂಗ್ಲಿಷ್‌ನಲ್ಲಿ ‘ಮಸ್ಟ್ ಹ್ಯಾವ್ ಕಾಲ್ಡ್’ ಅಂದರೆ ‘ಫೋನ್ ಮಾಡಿರಬೇಕು’ ಎಂಬ ಊಹೆ. ಅವಳಿಗೆ ಬೇಕಿದ್ದದ್ದು ‘ಐ ಶುಡ್ ಹ್ಯಾವ್ ಕಾಲ್ಡ್ ಹರ್ ದಟ್ ನೈಟ್.’ ಒಂದೇ ಪದ ಬದಲಾದದ್ದು. ಆ ಒಂದು ಪದದಿಂದ ಮಾಡದ ಫೋನು ಮಾಡಿದಂತಾಗಿ, ಅವಳ ಸಂಕಟವೇ ಪುಟದಿಂದ ಕಾಣೆಯಾಗಿತ್ತು.

ಅವತ್ತಿನಿಂದ ಈ ‘ಶುಡ್ ಹ್ಯಾವ್’ ಅನ್ನು ನಾನು ಅವಸರದಲ್ಲಿ ಕಲಿಸುವುದಿಲ್ಲ. ಪಶ್ಚಾತ್ತಾಪ ಹೇಳಿಕೊಳ್ಳಲು ಇಂಗ್ಲಿಷ್‌ನಲ್ಲಿ ದಿನಾ ಕಿವಿಗೆ ಬೀಳುವ ಮಾತು ಇದು. ಕನ್ನಡದ ಬಾಯಿಗೆ ಇದು ಎಲ್ಲೆಲ್ಲಿ ಜಾರುತ್ತದೆ, ಜಾರದಂತೆ ಹಿಡಿಯುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಮೊದಲ ಹೆಜ್ಜೆ: ನಿಮ್ಮ ‘ಬೇಕಿತ್ತು’ ಯಾವುದು?

ಇಂಗ್ಲಿಷ್‌ಗೆ ಕೈ ಹಾಕುವ ಮೊದಲು ಕನ್ನಡವನ್ನೇ ಬಿಡಿಸಿ ನೋಡಬೇಕು. ‘ನಿನ್ನೆ ನಾನು ಹೋಗಬೇಕಿತ್ತು’ ಎಂಬ ಸಾಲು ತೆಗೆದುಕೊಳ್ಳಿ. ನೋಡಲು ಸರಳ. ಆದರೆ ಇದರ ಹೊಟ್ಟೆಯಲ್ಲಿ ಮೂರು ಅರ್ಥಗಳಿವೆ.

‘ನಿನ್ನೆ ನಾನು ಬೇಗ ಹೋಗಬೇಕಿತ್ತು, ಅದಕ್ಕೇ ಸಭೆ ಮುಗಿಯುವ ಮೊದಲೇ ಹೊರಟೆ.’ ಇಲ್ಲಿ ಹೋಗಿದ್ದಾಗಿದೆ. ಹೋಗದೆ ವಿಧಿ ಇರಲಿಲ್ಲ ಅಷ್ಟೆ. ಇದು ‘ಐ ಹ್ಯಾಡ್ ಟು ಗೋ.’

‘ನಿನ್ನೆ ನಾನು ಹೋಗಬೇಕಿತ್ತು, ಆದರೆ ರೈಲು ರದ್ದಾಯಿತು.’ ಇಲ್ಲಿ ಹೋಗಿಲ್ಲ. ಹೋಗುವುದೆಂದು ಗೊತ್ತಾಗಿತ್ತು, ನಡೆಯಲಿಲ್ಲ. ಬೇಸರ ಇರಬಹುದು, ತಪ್ಪು ಯಾರದೂ ಇಲ್ಲ. ಇದು ‘ಐ ವಾಸ್ ಸಪೋಸ್ಡ್ ಟು ಗೋ.’

‘ಛೇ, ನಿನ್ನೆ ನಾನು ಹೋಗಬೇಕಿತ್ತು.’ ಇಲ್ಲಿ ಹೋಗಿಲ್ಲ, ಹೋಗಬಹುದಾಗಿತ್ತು, ಹೋಗದೇ ಉಳಿದದ್ದು ಚುಚ್ಚುತ್ತಿದೆ. ಇದು ಮಾತ್ರ ‘ಐ ಶುಡ್ ಹ್ಯಾವ್ ಗಾನ್.’

ಕನ್ನಡದಲ್ಲಿ ಈ ಮೂರನ್ನೂ ಬೇರೆ ಮಾಡುವುದು ದನಿ, ಹಿಂದುಮುಂದಿನ ಮಾತು ಮತ್ತು ಆ ಒಂದು ‘ಛೇ’. ಇಂಗ್ಲಿಷ್‌ನಲ್ಲಿ ಕ್ರಿಯಾಪದದ ರೂಪವೇ ಬೇರೆಯಾಗುತ್ತದೆ. ಆದ್ದರಿಂದ ಬರೆಯುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಕೆಲಸ ನಡೆಯಿತೇ, ಇಲ್ಲವೇ? ನಡೆದಿದ್ದರೆ ‘ಶುಡ್ ಹ್ಯಾವ್’ ಅಲ್ಲವೇ ಅಲ್ಲ. ನಡೆದಿಲ್ಲ ಅಂದರೆ ಎರಡನೇ ಪ್ರಶ್ನೆ: ವಾಕ್ಯದ ಮುಂದೆ ‘ಛೇ’ ಹಾಕಿದರೆ ಒಪ್ಪುತ್ತದೆಯೇ? ಒಪ್ಪಿದರೆ ಧೈರ್ಯವಾಗಿ ‘ಶುಡ್ ಹ್ಯಾವ್’ ಬಳಸಿ. ಈ ‘ಛೇ’ ಪರೀಕ್ಷೆ ಯಾವ ವ್ಯಾಕರಣ ಪುಸ್ತಕದಿಂದಲೂ ಬಂದದ್ದಲ್ಲ, ಕಲಿಸುತ್ತಾ ಕಲಿಸುತ್ತಾ ನನಗೆ ಹೊಳೆದದ್ದು. ಹತ್ತರಲ್ಲಿ ಒಂಬತ್ತು ಸಲ ಕೈಕೊಡುವುದಿಲ್ಲ.

ಎರಡನೇ ಹೆಜ್ಜೆ: ವಾಕ್ಯ ಕಟ್ಟುವುದು

ಕಟ್ಟುವ ಕ್ರಮ ಕಷ್ಟದ್ದಲ್ಲ. ಯಾರು ಎಂಬುದು ಮೊದಲು, ಆಮೇಲೆ ‘ಶುಡ್’, ಆಮೇಲೆ ‘ಹ್ಯಾವ್’, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಶಾಲೆಯಲ್ಲಿ ‘ಗೋ, ವೆಂಟ್, ಗಾನ್’ ಎಂದು ಸಾಲಾಗಿ ಹೇಳಿಸುತ್ತಿದ್ದರಲ್ಲ, ಅದರ ಮೂರನೆಯದು.

‘ಐ ಶುಡ್ ಹ್ಯಾವ್ ಆಸ್ಕ್ಡ್.’ ಕೇಳಬೇಕಿತ್ತು.
‘ಐ ಶುಡ್ ಹ್ಯಾವ್ ಟೇಕನ್ ಆ್ಯನ್ ಅಂಬ್ರೆಲಾ.’ ಕೊಡೆ ತಗೊಂಡು ಹೋಗಬೇಕಿತ್ತು.
‘ವಿ ಶುಡ್ ಹ್ಯಾವ್ ಲೆಫ್ಟ್ ಅರ್ಲಿಯರ್.’ ನಾವು ಇನ್ನೂ ಬೇಗ ಹೊರಡಬೇಕಿತ್ತು.
‘ಐ ಶುಡ್ ಹ್ಯಾವ್ ಲಿಸನ್ಡ್ ಟು ಯು.’ ನಿನ್ನ ಮಾತು ಕೇಳಬೇಕಿತ್ತು.

ಎಲ್ಲರೂ ಎಡವುವ ಜಾಗಗಳು ನಾಲ್ಕು. ‘ಶುಡ್ ಹ್ಯಾವ್ ವೆಂಟ್’ ಅನ್ನುವುದು ಮೊದಲನೆಯದು. ಎರಡನೇ ರೂಪ ಇಲ್ಲಿ ಬರುವ ಹಾಗಿಲ್ಲ, ‘ಗಾನ್’ ಆಗಬೇಕು. ಹಾಗೆಯೇ ‘ಶುಡ್ ಹ್ಯಾವ್ ಟುಕ್’ ಅಲ್ಲ, ‘ಟೇಕನ್’. ‘ಸ್ಪೋಕ್’ ಅಲ್ಲ, ‘ಸ್ಪೋಕನ್’. ‘ರೋಟ್’ ಅಲ್ಲ, ‘ರಿಟನ್’. ‘ಡಿಡ್’ ಅಲ್ಲ, ‘ಡನ್’. ಎರಡನೆಯದು, ಹಿಂದಿನ ಕಾಲದ ಮಾತಲ್ಲವೇ ಎಂದುಕೊಂಡು ‘ಶುಡ್ ಹ್ಯಾಡ್’ ಅನ್ನುವುದು. ಮೂರನೆಯದು, ‘ಶಿ’ ಬಂದ ಕೂಡಲೇ ‘ಶುಡ್ ಹ್ಯಾಸ್’ ಎಂದು ತಿದ್ದಿಕೊಳ್ಳುವುದು. ‘ಶುಡ್’ ಆದ ಮೇಲೆ ಯಾರೇ ಕರ್ತೃವಾಗಿರಲಿ, ಯಾವ ಕಾಲವೇ ಆಗಿರಲಿ, ‘ಹ್ಯಾವ್’ ಬಿಟ್ಟು ಬೇರೇನೂ ಬರುವುದಿಲ್ಲ. ನಾಲ್ಕನೆಯದು ‘ಹ್ಯಾವ್’ ಅನ್ನೇ ನುಂಗಿಬಿಡುವುದು: ‘ಐ ಶುಡ್ ಟೋಲ್ಡ್ ಯು.’ ಮಾತಿನ ವೇಗದಲ್ಲಿ ‘ಹ್ಯಾವ್’ ಸರಿಯಾಗಿ ಕೇಳಿಸದ ಕಾರಣ ಈ ತಪ್ಪು ಆಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಪ್ರಶ್ನೆ ಕೇಳುವಾಗ ‘ಶುಡ್’ ಒಂದೇ ಮುಂದಕ್ಕೆ ಹಾರುತ್ತದೆ, ‘ಹ್ಯಾವ್’ ಇದ್ದಲ್ಲೇ ಇರುತ್ತದೆ. ‘ವಾಟ್ ಶುಡ್ ಐ ಹ್ಯಾವ್ ಸೆಡ್?’ ಅಂದರೆ ‘ನಾನು ಏನು ಹೇಳಬೇಕಿತ್ತು?’ ಇನ್ನು ಚಿಕ್ಕ ಉತ್ತರ ಕೊಡುವಾಗ ಕ್ರಿಯಾಪದವನ್ನು ಪೂರ್ತಿ ಬಿಟ್ಟುಬಿಡಬಹುದು. ‘ಅವರಿಗೆ ತಿಳಿಸಿದೆಯಾ?’ ಎಂದು ಕೇಳಿದರೆ ‘ನೋ, ಬಟ್ ಐ ಶುಡ್ ಹ್ಯಾವ್’ ಅಂದರೆ ಸಾಕು. ‘ಇಲ್ಲ, ತಿಳಿಸಬೇಕಿತ್ತು.’ ಈ ಪುಟ್ಟ ಉತ್ತರವನ್ನು ಇವತ್ತೇ ಬಾಯಿಗೆ ರೂಢಿ ಮಾಡಿಕೊಳ್ಳಿ. ಮಾತುಕತೆಯಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಕಡಿಮೆ.

ಮಾಡಿದ್ದಕ್ಕೆ ಮರುಗುವುದು: ‘ಬಾರದಿತ್ತು’

ಮಾಡದೇ ಬಿಟ್ಟದ್ದಕ್ಕೆ ‘ಶುಡ್ ಹ್ಯಾವ್’, ಮಾಡಿಬಿಟ್ಟದ್ದಕ್ಕೆ ‘ಶುಡಂಟ್ ಹ್ಯಾವ್’. ‘ಐ ಶುಡಂಟ್ ಹ್ಯಾವ್ ಶೌಟೆಡ್ ಅಟ್ ಹಿಮ್.’ ಅವನ ಮೇಲೆ ಕೂಗಾಡಬಾರದಿತ್ತು. ಅಂದರೆ ಕೂಗಾಡಿದ್ದಾಗಿದೆ. ಇಲ್ಲಿ ಕನ್ನಡ ಮತ್ತು ಇಂಗ್ಲಿಷ್ ಹೆಚ್ಚು ಕಡಿಮೆ ಜೊತೆಜೊತೆಯಾಗಿ ನಡೆಯುತ್ತವೆ, ಹೆದರಿಕೆ ಬೇಡ. ಮರುಕ ಇನ್ನೂ ಗಾಢವಾಗಿದ್ದರೆ ‘ನೆವರ್’ ಸೇರಿಸುತ್ತಾರೆ: ‘ಐ ಶುಡ್ ನೆವರ್ ಹ್ಯಾವ್ ಸೆಡ್ ದಟ್.’ ನನ್ನ ಬಾಯಿಂದ ಆ ಮಾತು ಬರಲೇಬಾರದಿತ್ತು. ‘ನೆವರ್’ ಕೂರುವ ಜಾಗ ‘ಶುಡ್’ ಮತ್ತು ‘ಹ್ಯಾವ್’ ನಡುವೆ.

ಒಂದೇ ಎಚ್ಚರ. ‘ಹೇಳಬಾರದಿತ್ತು’ ಬೇರೆ, ‘ಹೇಳಬೇಕಾಗಿರಲಿಲ್ಲ’ ಬೇರೆ. ಮೊದಲನೆಯದು ತಪ್ಪಾಯಿತು ಅನ್ನುತ್ತದೆ, ಎರಡನೆಯದು ಅಗತ್ಯವಿರಲಿಲ್ಲ ಅನ್ನುತ್ತದೆ. ಅಗತ್ಯವಿಲ್ಲದಿದ್ದರೂ ಮಾಡಿದ್ದಕ್ಕೆ ಇಂಗ್ಲಿಷ್‌ನಲ್ಲಿ ‘ನೀಡಂಟ್ ಹ್ಯಾವ್’ ಇದೆ. ‘ಯು ನೀಡಂಟ್ ಹ್ಯಾವ್ ವೇಟೆಡ್.’ ನೀವು ಕಾಯಬೇಕಾಗಿರಲಿಲ್ಲ. ನಿಮಗಾಗಿ ಒಂದು ಗಂಟೆ ಕಾದು ನಿಂತವರಿಗೆ ‘ಯು ಶುಡಂಟ್ ಹ್ಯಾವ್ ವೇಟೆಡ್’ ಎಂದು ಗಟ್ಟಿ ದನಿಯಲ್ಲಿ ಹೇಳಿದರೆ, ಕಾದದ್ದೇ ತಪ್ಪು ಎಂದಂತೆ ಕೇಳಿಸಬಹುದು.

ಮೂರನೇ ಹೆಜ್ಜೆ: ಇದು ಯಾರ ಪಶ್ಚಾತ್ತಾಪ?

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಪ್ರಕಾರ ಕನ್ನಡದವರಿಗೆ ‘ಶುಡ್ ಹ್ಯಾವ್’ನಲ್ಲಿ ನಿಜವಾಗಿ ಕಷ್ಟವಾಗುವುದು ವ್ಯಾಕರಣದಲ್ಲಲ್ಲ, ಇಲ್ಲಿ.

ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಕರ್ತೃವನ್ನು ಹೊತ್ತುಕೊಂಡಿರುತ್ತದೆ. ‘ಹೇಳಿದೆ’ ಅಂದರೆ ನಾನು, ‘ಹೇಳಿದಿರಿ’ ಅಂದರೆ ನೀವು, ‘ಹೇಳಿದಳು’ ಅಂದರೆ ಅವಳು. ಯಾರು ಎಂದು ಬೇರೆ ಹೇಳಬೇಕಾಗಿಯೇ ಇಲ್ಲ. ಆದರೆ ‘ಬೇಕಿತ್ತು’ ಹಾಗಲ್ಲ. ನಾನು ಹೇಳಬೇಕಿತ್ತು, ನೀವು ಹೇಳಬೇಕಿತ್ತು, ಅವಳು ಹೇಳಬೇಕಿತ್ತು, ಎಲ್ಲರಿಗೂ ಒಂದೇ ರೂಪ. ಹೀಗಿರುವಾಗ ಕರ್ತೃವನ್ನೂ ಬಿಟ್ಟು ಬರೀ ‘ಮೊದಲೇ ಹೇಳಬೇಕಿತ್ತು’ ಅಂದರೆ ತಪ್ಪು ಯಾರದು ಎಂಬುದು ಗಾಳಿಯಲ್ಲಿ ತೇಲುತ್ತಿರುತ್ತದೆ. ನಾವು ಇದನ್ನು ದಿನಾ ಬಳಸಿಕೊಳ್ಳುತ್ತೇವೆ. ಎದುರಿಗಿದ್ದವರಿಗೆ ನೋವಾಗಬಾರದು ಅನ್ನಿಸಿದಾಗ ‘ಇದನ್ನ ಮೊದಲೇ ನೋಡಿಕೊಳ್ಳಬೇಕಿತ್ತು’ ಎಂದು ಯಾರ ಹೆಸರೂ ಎತ್ತದೆ ಹೇಳಿ ಸುಮ್ಮನಾಗುತ್ತೇವೆ. ಅದರಲ್ಲಿ ಒಂದು ಸೌಜನ್ಯವೂ ಇದೆ.

ಇಂಗ್ಲಿಷ್ ಆ ಅವಕಾಶ ಕೊಡುವುದಿಲ್ಲ. ‘ಶುಡ್ ಹ್ಯಾವ್’ ಮುಂದೆ ಯಾರಾದರೂ ಬಂದು ನಿಲ್ಲಲೇಬೇಕು. ‘ಐ’ ನಿಂತರೆ ಪಶ್ಚಾತ್ತಾಪ, ‘ಯು’ ನಿಂತರೆ ಆಕ್ಷೇಪಣೆ. ಮಿಕ್ಕ ವಾಕ್ಯದಲ್ಲಿ ಒಂದು ಅಕ್ಷರವೂ ಬದಲಾಗಬೇಕಿಲ್ಲ.

ಇದನ್ನು ನಾನು ಕಲಿತದ್ದು ನೋವಿನ ದಾರಿಯಲ್ಲಿ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕಾಯಿಲೆ. ಅದು ಗೊತ್ತಿಲ್ಲದೆ ನಾನು ಅವರಿಗೆ ಕೆಲಸದ ಮೇಲೆ ಕೆಲಸ ಹೇರಿದ್ದೆ. ವಿಷಯ ತಿಳಿದ ದಿನ ಮನಸ್ಸು ಕಸಿವಿಸಿಯಾಗಿ ಇಂಗ್ಲಿಷ್‌ನಲ್ಲಿ ಒಂದು ಇಮೇಲ್ ಕಳಿಸಿದೆ. ನನ್ನ ತಲೆಯಲ್ಲಿ ಇದ್ದದ್ದು ‘ಅಯ್ಯೋ, ಮೊದಲೇ ಹೇಳಬೇಕಿತ್ತಲ್ಲ’ ಎಂಬ ಮಾತು. ಕನ್ನಡದಲ್ಲಿ ಅದು ಪೂರ್ತಿ ಅಕ್ಕರೆಯ ಮಾತು. ಬೆರಳು ಬರೆದದ್ದು ‘ಯು ಶುಡ್ ಹ್ಯಾವ್ ಟೋಲ್ಡ್ ಮಿ ಅರ್ಲಿಯರ್.’ ಸಂಜೆ ಅವರೇ ಫೋನ್ ಮಾಡಿದರು. ‘ತಪ್ಪು ನನ್ನದೇ, ಹೇಳದೇ ಇದ್ದದ್ದಕ್ಕೆ ಕ್ಷಮಿಸಿ’ ಎಂದು ಅವರು ನನ್ನಲ್ಲಿ ಕೇಳಿದಾಗ ನನಗೆ ನಾಲಿಗೆ ಹೊರಳಲಿಲ್ಲ. ಕ್ಷಮೆ ಕೇಳಲು ಕೂತವಳು ನಾನು. ಕೇಳುವಂತಾದದ್ದು ಅವರು.

ಆ ಇಮೇಲ್‌ನಲ್ಲಿ ನಾನು ಬರೆಯಬಹುದಾಗಿದ್ದ ಸಾಲುಗಳು ಎರಡಿದ್ದವು. ‘ಐ ಶುಡ್ ಹ್ಯಾವ್ ಆಸ್ಕ್ಡ್ ಹೌ ಥಿಂಗ್ಸ್ ವರ್ ಅಟ್ ಹೋಮ್.’ ಮನೆಯಲ್ಲಿ ಹೇಗಿದ್ದಾರೆ ಎಂದು ನಾನೇ ಕೇಳಬೇಕಿತ್ತು. ಇಲ್ಲವೇ, ‘ಐ ವಿಶ್ ಐ ಹ್ಯಾಡ್ ನೋನ್.’ ನನಗೆ ಗೊತ್ತಿದ್ದಿದ್ದರೆ ಚೆನ್ನಾಗಿತ್ತು. ಎರಡರಲ್ಲೂ ‘ಐ’ ಇದೆ, ‘ಯು’ ಇಲ್ಲ.

ಆದ್ದರಿಂದ ಈ ಹೆಜ್ಜೆಯಲ್ಲಿ ಮಾಡಬೇಕಾದದ್ದು ಇಷ್ಟು: ವಾಕ್ಯ ಬರೆದ ಮೇಲೆ ‘ಶುಡ್ ಹ್ಯಾವ್’ ಮುಂದೆ ಯಾರು ನಿಂತಿದ್ದಾರೆ ಎಂದು ಬೆರಳಿಟ್ಟು ನೋಡಿ. ‘ಐ’ ಅಥವಾ ‘ವಿ’ ಇದ್ದರೆ ಮುಂದಕ್ಕೆ ಹೋಗಿ. ‘ಯು’ ಇದ್ದರೆ, ನಿಜವಾಗಿಯೂ ಅವರನ್ನು ತಪ್ಪಿತಸ್ಥರನ್ನಾಗಿ ಮಾಡಬೇಕೆಂದಿದ್ದೀರಾ ಎಂದು ಕೇಳಿಕೊಳ್ಳಿ. ಇಲ್ಲ ಅಂದರೆ ‘ಐ ವಿಶ್ ಯು ಹ್ಯಾಡ್ ಟೋಲ್ಡ್ ಮಿ’ ಎಂದು ಬದಲಿಸಿ. ‘ನೀವು ಹೇಳಿದ್ದರೆ ಚೆನ್ನಾಗಿರುತ್ತಿತ್ತು’ ಎಂಬ ಮೆತ್ತನೆಯ ದನಿ ಅದಕ್ಕಿದೆ.

ಕರ್ತೃವನ್ನು ಮರೆಸುವ ದಾರಿ ಇಂಗ್ಲಿಷ್‌ನಲ್ಲಿ ಇಲ್ಲವೆಂದಲ್ಲ. ಕರ್ಮಣಿ ಪ್ರಯೋಗ ಇದೆ: ‘ದ ಫೈಲ್ ಶುಡ್ ಹ್ಯಾವ್ ಬೀನ್ ಸೆಂಟ್ ಯೆಸ್ಟರ್‌ಡೇ.’ ಫೈಲನ್ನು ನಿನ್ನೆಯೇ ಕಳಿಸಬೇಕಿತ್ತು. ಕಚೇರಿಯ ಪತ್ರಗಳಲ್ಲಿ ಇದು ಬಹಳ ಕಾಣುತ್ತದೆ. ಬೇರೆಯವರ ತಪ್ಪನ್ನು ನಯವಾಗಿ ಎತ್ತಿ ತೋರಿಸಲು ಇದು ಒಳ್ಳೆಯದು. ಆದರೆ ತಪ್ಪು ನಿಮ್ಮದಾಗಿದ್ದಾಗ ಇದರ ಹಿಂದೆ ಅಡಗಿಕೊಳ್ಳಬೇಡಿ. ಕಳಿಸದೇ ಇದ್ದವರು ನೀವೇ ಆಗಿದ್ದು ‘ಶುಡ್ ಹ್ಯಾವ್ ಬೀನ್ ಸೆಂಟ್’ ಎಂದು ಬರೆದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ‘ಐ ಶುಡ್ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂದು ಬರೆಯಲು ಎರಡು ಸೆಕೆಂಡು ಸಾಕು.

ಈ ಪದದ ಬೇರಿನಲ್ಲೇ ಈ ಹೊಣೆ ಇದೆ ಎಂಬುದು ನನಗೆ ತುಂಬಾ ಇಷ್ಟವಾದ ವಿಷಯ. ‘ಶುಡ್’ ಎಂಬುದು ‘ಶ್ಯಾಲ್’ ಪದದ ಭೂತಕಾಲದ ರೂಪ. ಹಳೆಯ ಇಂಗ್ಲಿಷ್‌ನಲ್ಲಿ ‘ಶ್ಯಾಲ್’ ಪದದ ಪೂರ್ವಜನಿಗೆ ‘ಸಾಲ ತೀರಿಸಬೇಕಾಗಿದೆ’ ಎಂಬ ಅರ್ಥವಿತ್ತು. ಅದೇ ಬೇರಿನಿಂದ ಬಂದ ಜರ್ಮನ್ ಪದ ‘ಶುಲ್ಡ್’ಗೆ ಇವತ್ತಿಗೂ ಸಾಲ ಎಂಬ ಅರ್ಥವೂ ಇದೆ, ತಪ್ಪಿನ ಹೊಣೆ ಎಂಬ ಅರ್ಥವೂ ಇದೆ. ‘ಐ ಶುಡ್ ಹ್ಯಾವ್ ಕಾಲ್ಡ್ ಹರ್’ ಎಂದಾಗ ಆ ಹುಡುಗಿ ಹೇಳುವುದು, ತೀರಿಸದೇ ಉಳಿದ ಒಂದು ಋಣದ ಮಾತು.

ನಾಲ್ಕನೇ ಹೆಜ್ಜೆ: ನಿಮ್ಮ ಕೈಯಲ್ಲಿತ್ತೇ?

ಋಣ ಅಂದ ಮೇಲೆ ತೀರಿಸುವ ಶಕ್ತಿ ನಮ್ಮಲ್ಲಿ ಇದ್ದಿರಬೇಕು. ನಮ್ಮ ಕೈಯಲ್ಲಿ ಇಲ್ಲದ ವಿಷಯಕ್ಕೆ ‘ಶುಡ್ ಹ್ಯಾವ್’ ಹೊಂದುವುದಿಲ್ಲ. ‘ಅವತ್ತು ಮಳೆ ಬರದೇ ಇದ್ದಿದ್ದರೆ ಚೆನ್ನಾಗಿತ್ತು’ ಎಂಬುದಕ್ಕೆ ‘ಐ ವಿಶ್ ಇಟ್ ಹ್ಯಾಡಂಟ್ ರೇನ್ಡ್’ ಅನ್ನಬೇಕು. ಮಳೆಗೆ ಯಾವ ಕರ್ತವ್ಯವೂ ಇಲ್ಲವಲ್ಲ.

‘ಐ ವಿಶ್ ಐ ಹ್ಯಾಡ್’ ಮತ್ತು ‘ಐ ಶುಡ್ ಹ್ಯಾವ್’ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಐ ಶುಡ್ ಹ್ಯಾವ್ ಸ್ಟಡೀಡ್ ಮ್ಯೂಸಿಕ್.’ ಸಂಗೀತ ಕಲಿಯಬೇಕಿತ್ತು, ಕಲಿಯಲಿಲ್ಲ, ತಪ್ಪು ಮಾಡಿದೆ. ‘ಐ ವಿಶ್ ಐ ಹ್ಯಾಡ್ ಸ್ಟಡೀಡ್ ಮ್ಯೂಸಿಕ್.’ ಕಲಿತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇದರಲ್ಲಿ ಹಂಬಲ ಇದೆ, ತಪ್ಪೊಪ್ಪಿಗೆ ಇಲ್ಲ. ಕಲಿಯಲು ಅವಕಾಶವೇ ಸಿಗದಿದ್ದವರು ಹೇಳಬೇಕಾದದ್ದು ಎರಡನೆಯದನ್ನು. ತಮ್ಮದಲ್ಲದ ತಪ್ಪಿಗೆ ‘ಐ ಶುಡ್ ಹ್ಯಾವ್’ ಎಂದು ಬರೆಯುವವರನ್ನು ನಾನು ತರಗತಿಯಲ್ಲಿ ಬಹಳ ನೋಡಿದ್ದೇನೆ. ಆ ವಾಕ್ಯ ತಿದ್ದುವಾಗ ವ್ಯಾಕರಣಕ್ಕಿಂತ ಹೆಚ್ಚಿನದೇನೋ ತಿದ್ದಿದ ಹಾಗೆ ಅನ್ನಿಸುತ್ತದೆ.

‘ವಿಶ್’ ಬಂದಾಗ ಅದರ ಹಿಂದೆ ‘ಹ್ಯಾಡ್’ ಬರುತ್ತದೆ, ‘ಶುಡ್’ ಬಂದಾಗ ‘ಹ್ಯಾವ್’. ಇವೆರಡನ್ನು ಅದಲುಬದಲು ಮಾಡಬೇಡಿ. ‘ಐ ವಿಶ್ ಐ ಶುಡ್ ಹ್ಯಾವ್’ ಎಂಬ ಬೆರಕೆ ಇಂಗ್ಲಿಷ್‌ನಲ್ಲಿ ಇಲ್ಲ.

ಇದಕ್ಕಿಂತ ತೀವ್ರವಾದದ್ದು ‘ಇಫ್ ಓನ್ಲಿ’. ‘ಇಫ್ ಓನ್ಲಿ ಐ ಹ್ಯಾಡ್ ವೇಟೆಡ್ ಫೈವ್ ಮೋರ್ ಮಿನಿಟ್ಸ್.’ ಇನ್ನು ಐದೇ ಐದು ನಿಮಿಷ ಕಾದಿದ್ದರೆ! ಕನ್ನಡದಲ್ಲಿ ನಾವು ‘ಕಾದಿದ್ದರೆ’ ಎಂದು ಅರ್ಧಕ್ಕೇ ನಿಲ್ಲಿಸಿ ಉಸಿರು ಬಿಡುತ್ತೇವಲ್ಲ, ಅದೇ. ದಿನದ ಸಣ್ಣಪುಟ್ಟ ವಿಷಯಕ್ಕೆ ಇದನ್ನು ಖರ್ಚು ಮಾಡಬೇಡಿ, ದೊಡ್ಡದಕ್ಕೆ ಉಳಿಸಿಕೊಳ್ಳಿ.

‘ಕುಡ್ ಹ್ಯಾವ್’ ಅಂದರೆ ‘ಬಹುದಿತ್ತು’. ‘ಐ ಕುಡ್ ಹ್ಯಾವ್ ಹೆಲ್ಪ್ಡ್’ ಎಂದರೆ ಸಹಾಯ ಮಾಡುವ ಶಕ್ತಿ, ಅವಕಾಶ ಇತ್ತು, ಮಾಡಲಿಲ್ಲ. ‘ಶುಡ್’ನಷ್ಟು ನೇರವಾಗಿ ತನ್ನನ್ನು ದೂಷಿಸಿಕೊಳ್ಳುವುದಿಲ್ಲ. ‘ವುಡ್ ಹ್ಯಾವ್’ ಬರುವುದು ಷರತ್ತಿನ ವಾಕ್ಯದಲ್ಲಿ: ‘ಗೊತ್ತಿದ್ದರೆ ಬರುತ್ತಿದ್ದೆ’ ಅನ್ನಲು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್.’ ಇಲ್ಲಿ ‘ಶುಡ್’ ಹಾಕಬೇಡಿ.

ಕಿವಿಗೆ ಹೇಗೆ ಬೀಳುತ್ತದೆ?

‘ಶುಡ್’ ಬರೆಯುವಾಗ ‘ಎಲ್’ ಅಕ್ಷರ ಇದೆ, ಹೇಳುವಾಗ ಇಲ್ಲ. ಹಿಂದೊಮ್ಮೆ ಆ ‘ಎಲ್’ ಉಚ್ಚಾರಣೆಯಲ್ಲೂ ಇತ್ತು, ಕಾಲಕ್ರಮದಲ್ಲಿ ಸವೆದುಹೋಯಿತು. ‘ಕುಡ್’ನ ಕತೆ ಇನ್ನೂ ವಿಚಿತ್ರ. ಅದರಲ್ಲಿ ಮೊದಲು ‘ಎಲ್’ ಇರಲೇ ಇಲ್ಲ, ‘ಶುಡ್’, ‘ವುಡ್’ ನೋಡಿಕೊಂಡು ಬರಹದಲ್ಲಿ ಸೇರಿಸಿಕೊಂಡದ್ದು.

ಮಾತಿನಲ್ಲಿ ‘ಶುಡ್ ಹ್ಯಾವ್’ ಎಂದು ಬಿಡಿಬಿಡಿಯಾಗಿ ಹೇಳುವವರು ಕಡಿಮೆ. ‘ಹ್ಯಾವ್’ನ ‘ಹ’ಕಾರ ಬಿದ್ದುಹೋಗಿ ‘ಶುಡವ್’ ಆಗುತ್ತದೆ. ಇನ್ನೂ ಸಲುಗೆಯ ಮಾತಿನಲ್ಲಿ ‘ಶುಡ’ ಎಂದಷ್ಟೇ ಕೇಳಿಸುತ್ತದೆ. ‘ಐ ಶುಡ ನೋನ್’ ಎಂದು ಯಾರಾದರೂ ಅಂದರೆ ಅದು ‘ಐ ಶುಡ್ ಹ್ಯಾವ್ ನೋನ್’, ನನಗೆ ಗೊತ್ತಾಗಬೇಕಿತ್ತು. ‘ಶುಡಂಟ್ ಹ್ಯಾವ್’ ಕೂಡ ‘ಶುಡಂಟವ್’ ಆಗುತ್ತದೆ. ‘ಹ್ಯಾವ್’ ಮಾಯವಾಗುತ್ತದೆ ಎಂದು ಆಗ ಹೇಳಿದ್ದು ಇದನ್ನೇ.

ಈ ಉಚ್ಚಾರಣೆ ಒಂದೇ ‘ಎಫ್’ ಇರುವ ‘ಆಫ್’ ಎಂಬ ಪದದ ಮೆಲುದನಿಯ ಹಾಗೆಯೇ ಕೇಳಿಸುವುದರಿಂದ, ಇಂಗ್ಲಿಷ್ ಮನೆಮಾತಾಗಿರುವವರೂ ಎಷ್ಟೋ ಜನ ಬರೆಯುವಾಗ ‘ಹ್ಯಾವ್’ ಬದಲು ‘ಆಫ್’ ಎಂದು ಬರೆದುಬಿಡುತ್ತಾರೆ. ಇಂಟರ್‌ನೆಟ್‌ನಲ್ಲಿ ನೋಡಿ ಅದೇ ಸರಿ ಎಂದು ತಿಳಿಯಬೇಡಿ, ಅದು ತಪ್ಪೇ. ಕಿವಿಯಿಂದ ಕಲಿತವರು ಮಾಡುವ ತಪ್ಪು ಅದು, ಪುಸ್ತಕದಿಂದ ಕಲಿತ ನಮಗೆ ಅಲ್ಲಿ ಸ್ವಲ್ಪ ಅನುಕೂಲವೇ ಇದೆ.

ಒತ್ತು ಎಲ್ಲಿ ಬೀಳಬೇಕು? ಸಾಮಾನ್ಯವಾಗಿ ಕೊನೆಯ ಕ್ರಿಯಾಪದದ ಮೇಲೆ. ಆದರೆ ಮನಸ್ಸು ನಿಜವಾಗಿ ನೊಂದಿದ್ದಾಗ ಒತ್ತು ‘ಶುಡ್’ ಮೇಲೆ ಜರುಗುತ್ತದೆ: ‘ಐ ಶುಡ್... ಹ್ಯಾವ್ ಟೋಲ್ಡ್ ಯು.’ ‘ಹೇಳಬೇಕಿತ್ತು, ನಿಜ’ ಎಂದು ಎಳೆದು ಒಪ್ಪಿಕೊಂಡ ಹಾಗೆ.

ಪಶ್ಚಾತ್ತಾಪವೇ ಇಲ್ಲದ ‘ಶುಡ್ ಹ್ಯಾವ್’

‘ಯು ಶುಡ್ ಹ್ಯಾವ್ ಸೀನ್ ಹಿಸ್ ಫೇಸ್!’ ಇದು ಆಕ್ಷೇಪಣೆ ಅಲ್ಲ. ‘ಅವನ ಮುಖ ನೋಡಬೇಕಿತ್ತು ನೀನು!’ ಎಂದು ನಾವೂ ಹೀಗೆಯೇ ಹೇಳುತ್ತೇವಲ್ಲ. ಎರಡು ಭಾಷೆಗಳೂ ಇಲ್ಲಿ ಒಂದೇ ಉಸಿರಾಡುತ್ತವೆ.

ಉಡುಗೊರೆ ಕೊಟ್ಟಾಗ ‘ಓ, ಯು ಶುಡಂಟ್ ಹ್ಯಾವ್!’ ಎಂದು ಕೇಳಿಬರುತ್ತದೆ. ‘ಅಯ್ಯೋ, ಇದೆಲ್ಲಾ ಯಾಕೆ ತರೋಕೆ ಹೋದ್ರಿ’ ಎಂಬ ಸಂತೋಷದ ಮಾತು ಅದು. ತಂದದ್ದು ತಪ್ಪಾಯಿತೇನೋ ಎಂದು ಗಾಬರಿಯಾಗಬೇಡಿ.

‘ದೆ ಶುಡ್ ಹ್ಯಾವ್ ರೀಚ್ಡ್ ಬೈ ನೌ’ ಅಂದರೆ ನಿರೀಕ್ಷೆ. ಇದಕ್ಕೆ ಕನ್ನಡದಲ್ಲಿ ಎರಡು ಮಾತು: ‘ಇಷ್ಟೊತ್ತಿಗೆ ತಲುಪಿರಬೇಕು’ ಅಂದರೆ ತಲುಪಿದ್ದಾರೆ ಎಂಬ ನಂಬಿಕೆ, ‘ಇಷ್ಟೊತ್ತಿಗೆ ತಲುಪಬೇಕಿತ್ತು’ ಅಂದರೆ ಇನ್ನೂ ಸುದ್ದಿ ಇಲ್ಲವಲ್ಲ ಎಂಬ ಕಳವಳ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ವಾಕ್ಯ. ಈ ಒಂದು ಕಡೆ ಕನ್ನಡವೇ ಹೆಚ್ಚು ಸೂಕ್ಷ್ಮ.

ಐದನೇ ಹೆಜ್ಜೆ: ಕ್ಷಮೆ ಕೇಳುವಾಗ ಬಳಸುವುದು

ಬರೀ ‘ಸಾರಿ’ ಅಂದರೆ ಯಾವುದಕ್ಕೆ ಎಂಬುದು ತಿಳಿಯುವುದಿಲ್ಲ. ‘ಸಾರಿ’ ಜೊತೆಗೆ ‘ಐ ಶುಡ್ ಹ್ಯಾವ್’ ಸೇರಿದಾಗ ತಪ್ಪು ಯಾವುದೆಂದು ನಿಮಗೆ ಅರ್ಥವಾಗಿದೆ ಎಂದು ಎದುರಿನವರಿಗೆ ಗೊತ್ತಾಗುತ್ತದೆ. ‘ಐ ಆ್ಯಮ್ ಸಾರಿ ಐ ವಾಸ್ ಲೇಟ್. ಐ ಶುಡ್ ಹ್ಯಾವ್ ಕಾಲ್ಡ್ ಯು ಫ್ರಮ್ ದ ಸ್ಟೇಷನ್.’ ತಡವಾಯಿತು, ಕ್ಷಮಿಸಿ. ಸ್ಟೇಷನ್‌ನಿಂದಲೇ ಫೋನ್ ಮಾಡಬೇಕಿತ್ತು. ಇಷ್ಟು ಹೇಳಿ ನಿಲ್ಲಿಸಿ. ಇದರ ಹಿಂದೆಯೇ ‘ಬಟ್’ ಎಂದು ಶುರುಮಾಡಿದರೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ತಪ್ಪನ್ನು ಆದಷ್ಟು ನಿರ್ದಿಷ್ಟವಾಗಿ ಹೇಳುವುದು ಒಳ್ಳೆಯದು. ‘ಐ ಶುಡ್ ಹ್ಯಾವ್ ಬೀನ್ ಬೆಟರ್’ ಎಂಬುದು ಎಲ್ಲಕ್ಕೂ ಹೊಂದುವ ಮಾತು, ಆದ್ದರಿಂದಲೇ ಯಾವುದಕ್ಕೂ ಅಂಟುವುದಿಲ್ಲ. ‘ಐ ಶುಡ್ ಹ್ಯಾವ್ ರೆಡ್ ಯುವರ್ ಲೆಟರ್ ಬಿಫೋರ್ ಐ ರಿಪ್ಲೈಡ್’ ಎಂದಾಗ ಓದುವವರ ಮನಸ್ಸು ಕರಗುತ್ತದೆ. ಆ ಹೊತ್ತಿನಲ್ಲಿ ಮಾಡುತ್ತಿರಬೇಕಿದ್ದ ಕೆಲಸದ ಬಗ್ಗೆ ಹೇಳುವಾಗ ‘ಬೀನ್’ ಮತ್ತು ‘ಇಂಗ್’ ರೂಪ ಸೇರಿಸಿ: ‘ಐ ಶುಡ್ ಹ್ಯಾವ್ ಬೀನ್ ಲಿಸನಿಂಗ್.’ ನೀವು ಮಾತಾಡುವಾಗ ನಾನು ಗಮನ ಕೊಟ್ಟು ಕೇಳುತ್ತಿರಬೇಕಿತ್ತು. ಮಕ್ಕಳೊಂದಿಗೆ, ಸಂಗಾತಿಯೊಂದಿಗೆ ಈ ವಾಕ್ಯಕ್ಕೆ ಬಹಳ ಕೆಲಸವಿದೆ.

ಸಲುಗೆಯವರ ಹತ್ತಿರ ‘ಐ ಶುಡ್ ಹ್ಯಾವ್ ನೋನ್ ಬೆಟರ್’ ಎಂಬ ನುಡಿಗಟ್ಟೂ ನಡೆಯುತ್ತದೆ. ‘ನನಗೆ ಬುದ್ಧಿ ಇರಬೇಕಿತ್ತು’ ಎಂದ ಹಾಗೆ.

‘ರಿಗ್ರೆಟ್’ ಎಂಬ ಪದವನ್ನು ಮಾತಿನಲ್ಲಿ ಕಡಿಮೆ ಬಳಸಿ, ಅದು ಸ್ವಲ್ಪ ಭಾರದ ಪದ. ಬಳಸಿದರೆ ಒಂದು ವ್ಯತ್ಯಾಸ ನೆನಪಿರಲಿ. ‘ಐ ರಿಗ್ರೆಟ್ ಟೆಲ್ಲಿಂಗ್ ಹಿಮ್’ ಅಂದರೆ ಅವನಿಗೆ ಹೇಳಿದ್ದಕ್ಕೆ ಈಗ ಪಶ್ಚಾತ್ತಾಪ. ‘ಐ ರಿಗ್ರೆಟ್ ಟು ಟೆಲ್ ಯು’ ಅಂದರೆ ಕೆಟ್ಟ ಸುದ್ದಿಯೊಂದನ್ನು ಈಗ ಹೇಳಲಿದ್ದೇನೆ. ‘ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು’ ಎಂದು ಶುರುವಾಗುವ ಪತ್ರಗಳಲ್ಲಿ ಬರುವುದು ಈ ಎರಡನೆಯದು. ಅಲ್ಲಿ ಬರೆದವರು ತಮ್ಮ ತಪ್ಪನ್ನೇನೂ ಒಪ್ಪಿಕೊಂಡಿರುವುದಿಲ್ಲ.

ಅಭ್ಯಾಸ

ಪುಸ್ತಕದ ವಾಕ್ಯಗಳನ್ನು ತುಂಬುವ ಅಭ್ಯಾಸ ನಾನು ಮಾಡಿಸುವುದಿಲ್ಲ. ಬೇರೆಯವರ ಪಶ್ಚಾತ್ತಾಪ ನಮಗೆ ಅಂಟುವುದಿಲ್ಲ. ನಿಮ್ಮದೇ ‘ಬೇಕಿತ್ತು’ಗಳನ್ನು ತೆಗೆದುಕೊಳ್ಳಿ. ರಾತ್ರಿ ಮಲಗುವ ಮೊದಲು ಆ ದಿನದ ಒಂದು ‘ಬೇಕಿತ್ತು’ ಮತ್ತು ಒಂದು ‘ಬಾರದಿತ್ತು’ ಕನ್ನಡದಲ್ಲೇ ಬರೆಯಿರಿ. ಸಣ್ಣದಿದ್ದರೂ ಸಾಕು: ಮೊಬೈಲ್ ಚಾರ್ಜ್‌ಗೆ ಹಾಕಬೇಕಿತ್ತು, ಗೆಳತಿಯ ಮೆಸೇಜಿಗೆ ಆಗಲೇ ಉತ್ತರ ಕೊಡಬೇಕಿತ್ತು, ಅಮ್ಮನ ಮೇಲೆ ರೇಗಬಾರದಿತ್ತು.

ಆಮೇಲೆ ಒಂದೊಂದಕ್ಕೂ ಕೇಳಿ: ಅದು ನಡೆಯಿತೇ ಇಲ್ಲವೇ? ಯಾರು ಮಾಡಬೇಕಿತ್ತು? ನನ್ನ ಕೈಯಲ್ಲಿತ್ತೇ? ಉತ್ತರ ಸಿಕ್ಕ ಮೇಲೆ ಇಂಗ್ಲಿಷ್‌ಗೆ ತನ್ನಿ. ‘ಐ ಶುಡ್ ಹ್ಯಾವ್ ಚಾರ್ಜ್ಡ್ ಮೈ ಫೋನ್.’ ‘ಐ ಶುಡ್ ಹ್ಯಾವ್ ರಿಪ್ಲೈಡ್ ಅಟ್ ಒನ್ಸ್.’ ‘ಐ ಶುಡಂಟ್ ಹ್ಯಾವ್ ಸ್ನ್ಯಾಪ್ಡ್ ಅಟ್ ಮೈ ಮದರ್.’ ಬರೆದ ಮೇಲೆ ‘ಶುಡವ್’ ಎಂದು ಕೂಡಿಸಿ ಗಟ್ಟಿಯಾಗಿ ಮೂರು ಸಲ ಹೇಳಿ. ಎರಡು ವಾರ ಹೀಗೆ ಮಾಡಿದರೆ ಮೂರನೇ ರೂಪಗಳು ತಾವಾಗಿಯೇ ನಾಲಿಗೆಗೆ ಬರತೊಡಗುತ್ತವೆ.

ಅಜ್ಜಿಯ ಬಗ್ಗೆ ಬರೆದಿದ್ದ ಆ ಹುಡುಗಿಗೂ ಇದೇ ಅಭ್ಯಾಸ ಕೊಟ್ಟಿದ್ದೆ. ಮುಂದಿನ ವಾರ ಬಂದಾಗ ಹಳೆಯ ಪುಟದ ಕೊನೆಯ ಸಾಲನ್ನು ತಾನೇ ತಿದ್ದಿಕೊಂಡು ಬಂದಿದ್ದಳು. ‘ಮಸ್ಟ್’ ಮೇಲೆ ಒಂದು ಗೆರೆ ಎಳೆದು ‘ಶುಡ್’ ಎಂದು ಬರೆದಿದ್ದಳು. ಅದರ ಕೆಳಗೆ ನಾನು ಹೇಳಿರದಿದ್ದ ಒಂದು ಹೊಸ ಸಾಲೂ ಇತ್ತು: ‘ಐ ವಿಶ್ ಐ ಹ್ಯಾಡ್ ನೋನ್ ಇಟ್ ವಾಸ್ ದ ಲಾಸ್ಟ್ ನೈಟ್.’